ಇಂಜಿನ್ನಿನೊಳಗಣ ಪಂಕ್ತಿಭೇದ

ಮದುವೆಮನೆಯ ಪಂಕ್ತಿಯಲ್ಲಿ ಸಾರಿನ ಬಕೆಟ್ಟನ್ನು ಕಲಕದೆ ಬಡಿಸುತ್ತ ಬಂದರೆ ಮೊದಲು ಕುಳಿತವರಿಗೆ ಬರಿಯ ತಿಳಿ, ಕೊನೆಯಲ್ಲಿ ಕುಳಿತವರಿಗೆ ಬರಿಯ ಗಸಿ. ಮೋಟಾರುಗಾಡಿಯ ಆರಂಭಕಾಲದ ಇಂಜಿನ್ನುಗಳಲ್ಲಿ ದಿನವೂ ನಡೆಯುತ್ತಿದ್ದುದು ಇಂಥದೇ ಅನ್ಯಾಯ.

ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್ 1893ರಲ್ಲಿ ಪೆಟ್ರೋಲನ್ನು ಸಣ್ಣ ರಂಧ್ರದಿಂದ ಗಾಳಿಗೆ ಸಿಂಪಡಿಸುವ ಕಾರ್ಬ್ಯುರೇಟರನ್ನು ರೂಪಿಸಿದನು. ಒಂದು ಲೀಟರ್ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಸುಮಾರು 9,000 ಲೀಟರ್ ಗಾಳಿ ಬೇಕು. ಸಿಲಿಂಡರು ಒಂದೇ ಇದ್ದಾಗ ಹಂಚಿಕೆಯ ಪ್ರಶ್ನೆಯೇ ಇರಲಿಲ್ಲ. ನಾಲ್ಕು, ಆರು ಸಿಲಿಂಡರುಗಳು ಬಂದ ಮೇಲೆ ಒಂದೇ ಕಾರ್ಬ್ಯುರೇಟರಿನಿಂದ ಎಲ್ಲಕ್ಕೂ ಮಿಶ್ರಣವನ್ನು ಒಯ್ಯಲು ಕವಲುಗೊಳವೆ ಬೇಕಾಯಿತು. ಅದೇ ಇನ್‌ಟೇಕ್ ಮ್ಯಾನಿಫೋಲ್ಡ್.

ಗಾಳಿ ಹಗುರವಾದುದರಿಂದ ಕೊಳವೆಯ ತಿರುವಿನಲ್ಲಿ ಸುಲಭವಾಗಿ ಹೊರಳುತ್ತದೆ. ಪೆಟ್ರೋಲಿನ ಹನಿ ಭಾರವಾದುದು. ಅದು ನೇರವಾಗಿ ನುಗ್ಗಿ ಗೋಡೆಗೆ ಬಡಿಯುತ್ತದೆ. ಕುದಿಯುವ ಪಾತ್ರೆಯ ತಣ್ಣನೆಯ ಮುಚ್ಚಳದಲ್ಲಿ ಹಬೆ ನೀರಾಗುವಂತೆ, ಆವಿಯಾಗಿದ್ದ ಪೆಟ್ರೋಲೂ ತಣ್ಣಗಿನ ಕೊಳವೆಯಲ್ಲಿ ಮರಳಿ ದ್ರವವಾಗಿ ತನಗೆ ತೋಚಿದ ಕಡೆ ಹರಿಯುತ್ತದೆ. ಒಂದು ಸಿಲಿಂಡರು ಅಜೀರ್ಣದಿಂದ ಕಪ್ಪು ಹೊಗೆಯುಗುಳಿದರೆ ಇನ್ನೊಂದು ಹಸಿವಿನಿಂದ ತಡವರಿಸುತ್ತದೆ. ಹಸಿದುದನ್ನು ತಣಿಸಲೆಂದು ಚಾಲಕನು ಎಲ್ಲಕ್ಕೂ ಹೆಚ್ಚು ಪೆಟ್ರೋಲು ಬಿಡುತ್ತಿದ್ದನು. ದುಡ್ಡು ಹೊಗೆಯಾಗಿ ಹೋಗುತ್ತಿತ್ತು.

1910ರ ದಶಕದಲ್ಲಿ ಅಮೆರಿಕೆಯಲ್ಲಿ ಕಾರುಗಳು ಮಿತಿಮೀರಿ ಹೆಚ್ಚಿದವು. ಬೇಡಿಕೆಯನ್ನು ಪೂರೈಸಲು ಎಣ್ಣೆ ಶುದ್ಧೀಕರಿಸುವವರು ಬೇಗನೆ ಆವಿಯಾಗದ ಭಾರವಾದ ಅಂಶಗಳನ್ನೂ ಪೆಟ್ರೋಲಿನಲ್ಲಿ ಸೇರಿಸತೊಡಗಿದರು. ತೊಂದರೆ ಇಮ್ಮಡಿಯಾಯಿತು. ಚಳಿಗಾಲದ ಬೆಳಗ್ಗೆ ಉರಿಯದೆ ಉಳಿದ ಪೆಟ್ರೋಲು ಪಿಸ್ಟನ್ನಿನ ಪಕ್ಕದಿಂದ ಜಾರಿ, ಸಿಲಿಂಡರಿನ ಗೋಡೆಯ ಜಿಡ್ಡನ್ನು ತೊಳೆದು, ಇಂಜಿನ್ನಿನ ತಳದಲ್ಲಿದ್ದ ಎಣ್ಣೆಯನ್ನು ತೆಳುವಾಗಿಸುತ್ತಿತ್ತು. ಬೇರಿಂಗುಗಳು ಅಕಾಲದಲ್ಲಿ ಸವೆಯುತ್ತಿದ್ದವು. ಸಾಲ ಮಾಡಿ ಕಾರು ಕೊಂಡವನಿಗೆ ಈ ಕಳ್ಳನ ಸುಳಿವೂ ಇರಲಿಲ್ಲ!

ಪರಿಹಾರ ಇಂಜಿನ್ನಿನ ಹೊಗೆಯಲ್ಲಿಯೇ ಇತ್ತು. ಹೊರಹೋಗುವ ಬಿಸಿ ಅನಿಲವನ್ನು ಮ್ಯಾನಿಫೋಲ್ಡಿನ ಕವಲಿನ ತಳಕ್ಕೆ ತಾಗಿಸಿದಾಗ, ಅಲ್ಲಿ ಬಿದ್ದ ಹನಿಗಳು ಕಾದ ಕಾವಲಿಯ ಮೇಲಿನ ನೀರಿನಂತೆ ಆವಿಯಾದವು. ಆದರೆ ಬಿಸಿಯಾದ ಗಾಳಿ ಹಿಗ್ಗುತ್ತದೆ. ಸಿಲಿಂಡರಿಗೆ ಸೇರುವ ಗಾಳಿಯ ತೂಕ ಕಡಿಮೆಯಾಗಿ ಇಂಜಿನ್ನಿನ ಬಲವೂ ಕುಗ್ಗುತ್ತದೆ. ಆದುದರಿಂದ ಹನಿ ಬಡಿಯುವ ಜಾಗವನ್ನಷ್ಟೇ ಕಾಯಿಸುವುದು, ಇಂಜಿನ್ನು ಬಿಸಿಯೇರಿದೊಡನೆ ಕವಾಟದಿಂದ ಕಾವನ್ನು ತಗ್ಗಿಸುವುದು ರೂಢಿಗೆ ಬಂದಿತು.

ಇದಕ್ಕಿಂತ ಸ್ವಾರಸ್ಯಕರವಾದುದು 1920ರ ದಶಕದ ಸ್ವಾನ್ ವಿನ್ಯಾಸ. ಕೊಳವೆಯ ತಿರುವು ನುಣುಪಾಗಿ ಬಾಗಿರಬೇಕೆಂಬುದು ಎಲ್ಲರ ನಂಬಿಕೆಯಾಗಿತ್ತು. ಸ್ವಾನ್ ಬೇಕೆಂದೇ ಚಪ್ಪಟೆ ತಳವನ್ನೂ ಚೂಪಾದ ಲಂಬಮೂಲೆಗಳನ್ನೂ ಇಟ್ಟನು. ಗೋಡೆಗಂಟಿ ಹರಿಯುವ ಪೆಟ್ರೋಲು ಆ ಮೂಲೆಗಳಲ್ಲಿ ಒಡೆದು ಮತ್ತೆ ಗಾಳಿಗೆ ಬೆರೆಯುತ್ತಿತ್ತು. ಈ ಮೂಲೆಗಳಿಗಾಗಿ ನ್ಯಾಶ್, ಕ್ರೈಸ್ಲರ್ ಕಂಪನಿಗಳೊಡನೆ ಪೇಟೆಂಟ್ ವ್ಯಾಜ್ಯಗಳು ನಡೆದು 1940ರ ದಶಕದವರೆಗೂ ಎಳೆದಾಡಿದವು.

ಈಗಿನ ಕಾರುಗಳಲ್ಲಿ ಪ್ರತಿ ಸಿಲಿಂಡರಿನ ಬಾಗಿಲಲ್ಲೋ ಒಳಗೋ ಅದರದರ ಪಾಲಿನ ಪೆಟ್ರೋಲನ್ನು ಬೇರೆಯಾಗಿಯೇ ಚಿಮ್ಮಿಸುತ್ತಾರೆ. ಮ್ಯಾನಿಫೋಲ್ಡಿಗೆ ಉಳಿದಿರುವುದು ಗಾಳಿಯನ್ನು ಹೊರುವ ಕೆಲಸ ಮಾತ್ರ. ಕಾಯಿಸುವ ಅಗತ್ಯ ತಪ್ಪಿದುದರಿಂದ ಅನೇಕರು ಅದನ್ನು ಪ್ಲಾಸ್ಟಿಕ್ಕಿನಿಂದಲೇ ಮಾಡುತ್ತಾರೆ.