ವರದಿ ಬರೆದವರು ಯಾರು, ಬರೆದದ್ದು ಏನು?

ನಮ್ಮ ಬೊರಿವಲಿಯ ವಾಚನಾಲಯದ ಮೇಜಿನ ಮೇಲೆ ಕನ್ನಡ ಪತ್ರಿಕೆಗಳೂ ಮರಾಠಿ ಪತ್ರಿಕೆಗಳೂ ಪಕ್ಕಪಕ್ಕದಲ್ಲಿಯೇ ಇರುತ್ತವೆ. ಬೆಳಗಾವಿಯ ಮಾತು ಎದ್ದಾಗಲೆಲ್ಲ ಎರಡನ್ನೂ ಓದುವವರಿಗೆ ಒಂದು ಸೋಜಿಗ ಕಾಣದೆ ಇರದು. ಮಹಾಜನ ಆಯೋಗದ ವರದಿ ಒಂದರಲ್ಲಿ ಅಂತಿಮ ತೀರ್ಪು, ಇನ್ನೊಂದರಲ್ಲಿ ಶುದ್ಧ ಪಕ್ಷಪಾತ. ವರದಿ ಮಾತ್ರ ಒಂದೇ! ಹಾಗಾದರೆ ಸರಕಾರ ನೇಮಿಸಿದ ವಿಚಾರಣೆಯನ್ನು ಸಾಮಾನ್ಯ ಓದುಗನು ನಂಬುವುದು ಹೇಗೆ, ಬಿಡುವುದು ಯಾವಾಗ ಎಂಬ ವಿಚಾರವನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ. ಮರಾಠಿ ನೆರೆಹೊರೆಯವರೊಡನೆ ಒಂದೇ ಚಾಳಿನಲ್ಲಿ, ಒಂದೇ ಖಾತೆಯಲ್ಲಿ ಬಾಳುವ ನಮಗೆ ಇದು ಬರಿಯ ಚರ್ಚೆಯ ವಿಷಯವಲ್ಲ.

ಸಂಗತಿ ಹೀಗಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂತು. ಮಹಾರಾಷ್ಟ್ರದ ಒತ್ತಾಯದ ಮೇರೆಗೆ ಕೇಂದ್ರ ಸರಕಾರ 1966ರ ಅಕ್ಟೋಬರಿನಲ್ಲಿ ಮೆಹರಚಂದ ಮಹಾಜನರ ಏಕಸದಸ್ಯ ಆಯೋಗವನ್ನು ನೇಮಿಸಿತು. 1967ರ ಆಗಸ್ಟಿನಲ್ಲಿ ವರದಿ ಬಂತು. ಬೆಳಗಾವಿ ನಗರ ಮೈಸೂರಿನಲ್ಲಿಯೇ ಇರತಕ್ಕದ್ದು. ನಿಪ್ಪಾಣಿ, ಖಾನಾಪುರಗಳೂ ಸೇರಿ 264 ಊರುಗಳು ಮಹಾರಾಷ್ಟ್ರಕ್ಕೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಕಡೆಯ 247 ಊರುಗಳು ಮೈಸೂರಿಗೆ. ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ. ಮೈಸೂರು ಒಪ್ಪಿತು. ಮಹಾರಾಷ್ಟ್ರ ತಳ್ಳಿಹಾಕಿತು, ಕೇರಳವೂ ಒಪ್ಪಲಿಲ್ಲ.

ಈ ಮಹಾಜನರು ಯಾರು? ಕಾಂಗಡಾ ಕಡೆಯವರು, ಕನ್ನಡಿಗರೂ ಅಲ್ಲ, ಮರಾಠಿಗರೂ ಅಲ್ಲ. 1954ರಲ್ಲಿ ಭಾರತದ ಮುಖ್ಯ ನ್ಯಾಯಾಧೀಶರಾಗಿದ್ದರು. ಇನ್ನೊಂದು ಸಂಗತಿಯನ್ನು ಬಹಳ ಜನ ಮರೆತಿದ್ದಾರೆ. 1947ರಲ್ಲಿ ಪಂಜಾಬನ್ನು ಇಬ್ಭಾಗ ಮಾಡಿದ ರ‍್ಯಾಡ್‌ಕ್ಲಿಫ್ ಆಯೋಗದಲ್ಲಿ ಇವರೂ ಒಬ್ಬ ಸದಸ್ಯರು. ಅಲ್ಲಿ ಕಾಂಗ್ರೆಸ್ಸಿನ ಕಡೆಯಿಂದ ಇಬ್ಬರು, ಲೀಗಿನ ಕಡೆಯಿಂದ ಇಬ್ಬರು ನ್ಯಾಯಾಧೀಶರಿದ್ದರು. ನಾಲ್ವರೂ ತಮ್ಮನ್ನು ಕಳಿಸಿದವರ ಕಡೆಗೇ ನಿಂತುಬಿಟ್ಟರು. ಕೊನೆಗೆ ರ‍್ಯಾಡ್‌ಕ್ಲಿಫ್ ಒಬ್ಬರೇ ಗೆರೆ ಎಳೆಯಬೇಕಾಯಿತು. ಕಳಿಸಿದವರ ಋಣ ವಿಚಾರಣೆಯನ್ನು ಹೇಗೆ ಕಟ್ಟಿಹಾಕುತ್ತದೆಂದು ಇವರು ಒಳಗಿದ್ದೇ ಕಂಡಿದ್ದರು.

ಮಹಾರಾಷ್ಟ್ರದ ಆಕ್ಷೇಪವನ್ನು ತಳ್ಳಿಬಿಡುವುದು ಸುಲಭ, ಆದರೆ ಸರಿಯಲ್ಲ. ಊರನ್ನೇ ಘಟಕವೆಂದು ಹಿಡಿಯಿರಿ, ಭಾಷೆಯ ಬಹುಮತವನ್ನೂ ಜನರ ಇಚ್ಛೆಯನ್ನೂ ನೋಡಿರಿ ಎಂಬುದು ಅವರ ಬೇಡಿಕೆ. 1961ರ ಜನಗಣತಿಯಲ್ಲಿ ಬೆಳಗಾವಿ ನಗರದಲ್ಲಿ ಮರಾಠಿ ಮಾತಿನವರೇ ಹೆಚ್ಚು. ಮಹಾಜನರು ಅಲ್ಲಿ ಭಾಷೆಯ ಲೆಕ್ಕವೊಂದನ್ನೇ ಹಿಡಿಯದೆ, ನಗರದ ಸುತ್ತ ಮೂರು ಕಡೆ ಕನ್ನಡ ಸೀಮೆ ಇರುವುದಕ್ಕೂ ಆಡಳಿತದ ಅನುಕೂಲಕ್ಕೂ ತೂಕ ಕೊಟ್ಟರು. ಒಂದು ಕಡೆ ಒಂದು ಅಳತೆಗೋಲು, ಇನ್ನೊಂದು ಕಡೆ ಇನ್ನೊಂದು ಏಕೆ ಎಂದು ಅಂತುಲೆಯವರು ಪುಸ್ತಕವನ್ನೇ ಬರೆದರು. ಅದು ಕೇಳತಕ್ಕ ಪ್ರಶ್ನೆ. ಅದಕ್ಕೆ ಉತ್ತರ ವರದಿಯಲ್ಲಿರುವ ಕಾರಣಗಳಲ್ಲಿಯೇ ಸಿಗಬೇಕು. ಕಾರಣ ದುರ್ಬಲವೆಂದು ತೋರಿಸುವುದು ಬೇರೆ, ಮನುಷ್ಯ ಪಕ್ಷಪಾತಿ ಎನ್ನುವುದು ಬೇರೆ. ನಮ್ಮವರು ಕೊಡುವ ಉತ್ತರವೂ ಅಷ್ಟಕ್ಕಷ್ಟೆ. 264 ಕೊಟ್ಟರು, 247 ತೆಗೆದುಕೊಂಡರು, ಸಮವಾಯಿತಲ್ಲ ಎನ್ನುತ್ತಾರೆ. ಜಮಾ-ಖರ್ಚು ಸರಿಹೋದ ಮಾತ್ರಕ್ಕೆ ಲೆಕ್ಕ ಸಾಚಾ ಎಂದು ಯಾವ ಗುಮಾಸ್ತನೂ ಹೇಳಲಾರ. ಒಂದು ನಗರದ ಬೆಲೆ ಎಷ್ಟು ಹಳ್ಳಿಗಳಿಗೆ ಸಮ?

ಇನ್ನು ನಮ್ಮ ಮಡಿಲನ್ನೇ ನೋಡಿಕೊಳ್ಳೋಣ. 1953ರ ಫಜಲ್ ಅಲಿ ಆಯೋಗ ಕಾಸರಗೋಡನ್ನು ಕೇರಳಕ್ಕೆ ಸೇರಿಸಬೇಕೆಂದು 1955ರಲ್ಲಿ ಶಿಫಾರಸು ಮಾಡಿತು. ಆಯೋಗದ ಮೂವರಲ್ಲಿ ಕೆ. ಎಂ. ಪಣಿಕ್ಕರರು ಮಲೆಯಾಳಿಗಳು, ಅದಕ್ಕೇ ಹೀಗಾಯಿತು ಎಂದು ಕನ್ನಡಿಗರು ಅಂದಿನಿಂದ ಆಡುತ್ತ ಬಂದಿದ್ದಾರೆ. ಮಹಾಜನರ ವಿಷಯದಲ್ಲಿ ಮರಾಠಿಗರು ಆಡಿದರೆ ಕೆರಳುವ ಮಾತನ್ನು ಪಣಿಕ್ಕರರ ವಿಷಯದಲ್ಲಿ ನಾವೇ ಆಡುತ್ತೇವೆ! ಆದರೂ ಇವೆರಡು ಒಂದೇ ಅಲ್ಲ. ಬಿಹಾರದೊಡನೆ ಬಹುಕಾಲದ ಸಂಬಂಧವಿದ್ದ ಅಧ್ಯಕ್ಷ ಫಜಲ್ ಅಲಿಯವರು ಬಿಹಾರದ ಗಡಿಯ ತಂಟೆಯಲ್ಲಿ ತಾವಾಗಿಯೇ ದೂರ ನಿಂತರು. ಕಾಸರಗೋಡಿನ ವಿಷಯದಲ್ಲಿ ಪಣಿಕ್ಕರರು ಹಾಗೆ ನಿಲ್ಲಲಿಲ್ಲ. ಇದರಿಂದ ಅವರು ಅನ್ಯಾಯ ಮಾಡಿದರೆಂದು ಸಿದ್ಧವಾಗುವುದಿಲ್ಲ; ಸಂಶಯಕ್ಕೆ ಬಾಗಿಲು ಮಾತ್ರ ತೆರೆದೇ ಉಳಿಯಿತು.

ಗಿರಣಿಗಳಲ್ಲಿ ಕಾಮಗಾರನ ಮೇಲೆ ಆರೋಪ ಬಂದರೆ ವಿಚಾರಣೆ ನಡೆಸುವವನು ಮಾಲಕರ ಸಂಬಳದ ಅಧಿಕಾರಿಯೇ. ಅಷ್ಟರಿಂದಲೇ ಕಾರ್ಮಿಕ ನ್ಯಾಯಾಲಯ ಆ ವಿಚಾರಣೆಯನ್ನು ಹೊಡೆದುಹಾಕುವುದಿಲ್ಲ. ಆರೋಪವನ್ನು ಬರಹದಲ್ಲಿ ಕೊಟ್ಟರೇ, ಸಾಕ್ಷಿಯನ್ನು ಪಾಟೀಸವಾಲು ಮಾಡಲು ಬಿಟ್ಟರೇ, ನಿರ್ಣಯಕ್ಕೆ ಪುರಾವೆಯ ಆಧಾರವಿದೆಯೇ ಎಂದು ಕೇಳುತ್ತದೆ. ದೊಡ್ಡ ಆಯೋಗಗಳಿಗೂ ಇದೇ ಒರೆಗಲ್ಲು ಸಾಕೆಂದು ನನ್ನ ಅಭಿಪ್ರಾಯ. 1958ರಲ್ಲಿ ಮುಂಬಯಿಯ ಮುಖ್ಯ ನ್ಯಾಯಾಧೀಶ ಛಾಗಲಾ ಅವರು ಮುಂಧ್ರಾ ಪ್ರಕರಣವನ್ನು ಇದೇ ಊರಿನಲ್ಲಿ, ಎಲ್ಲರ ಎದುರಿಗೆ ವಿಚಾರಿಸಿದರು. ನೇಮಿಸಿದ್ದು ಕಾಂಗ್ರೆಸ್ ಸರಕಾರ, ರಾಜೀನಾಮೆ ಕೊಡಬೇಕಾದದ್ದು ಅದರದೇ ಅರ್ಥಮಂತ್ರಿ ಕೃಷ್ಣಮಾಚಾರಿ.

ಶ್ರೀಕೃಷ್ಣ ಆಯೋಗದ ಕಥೆಯನ್ನು ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣರನ್ನು 1993ರಲ್ಲಿ ನೇಮಿಸಿದ್ದು ಕಾಂಗ್ರೆಸ್ ಸರಕಾರ. 1996ರ ಜನವರಿಯಲ್ಲಿ ಶಿವಸೇನೆ-ಭಾಜಪ ಸರಕಾರ ಆಯೋಗವನ್ನೇ ಮುಚ್ಚಿತು, ಮೇ ತಿಂಗಳಲ್ಲಿ ಮತ್ತೆ ತೆರೆಯಿತು. 1998ರಲ್ಲಿ ಬಂದ ವರದಿ ಶಿವಸೇನೆಯ ಪಾತ್ರವನ್ನು ಹೇಳಿತು. ತನ್ನನ್ನು ನೇಮಿಸಿದ ಕಾಂಗ್ರೆಸ್ ಸರಕಾರದ ಚಂಚಲತೆಯನ್ನೂ ಬಿಡಲಿಲ್ಲ. ಪಕ್ಷಪಾತದ ವರದಿ ಎಂದು ಅದನ್ನು ತಳ್ಳಿದ ಸರಕಾರವನ್ನು ನಡೆಸುತ್ತಿದ್ದದ್ದು ವರದಿಯಲ್ಲಿ ಹೆಸರು ಬಂದ ಪಕ್ಷವೇ.

ಮತ್ತೆ ಬೆಳಗಾವಿಗೆ ಬಂದರೆ, ‘ಅಂತಿಮ ತೀರ್ಪು’ ಎಂಬ ಮಾತೂ ಸರಿಯಲ್ಲ. ಆಯೋಗದ್ದು ಸಲಹೆ, ಗಡಿ ಬದಲಿಸುವ ಅಧಿಕಾರ ಸಂವಿಧಾನದ 3ನೆಯ ವಿಧಿಯಂತೆ ಸಂಸತ್ತಿನದು. ಸಂಸತ್ತು ಆ ವರದಿಯನ್ನು ಕಾಯದೆಯಾಗಿಸಲಿಲ್ಲ, ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ವರದಿ ಜಾರಿಯಾಗಲಿ ಎಂದು ಕೂಗುವ ನಮ್ಮಲ್ಲಿ ಎಷ್ಟು ಜನಕ್ಕೆ, ಆಗ ನಿಪ್ಪಾಣಿಯನ್ನು ಕೊಡಬೇಕಾಗುತ್ತದೆಂಬುದು ಗೊತ್ತಿದೆ?

ಮಹಾಜನ ವರದಿಯ ಪ್ರತಿ ಯಾರಲ್ಲಾದರೂ ಇದ್ದರೆ ವಾಚನಾಲಯಕ್ಕೆ ದಯಮಾಡಿ ಕೊಡಬೇಕು. ಅಂತುಲೆಯವರ ಪುಸ್ತಕವೂ ಬೇಕು. ಎರಡನ್ನೂ ಒಂದೇ ಕಪಾಟಿನಲ್ಲಿ ಇಡುತ್ತೇವೆ.