ಶ್ರೀಶೈಲದ ಕಾಲುನಡಿಗೆ: ಬಿಸಿಲನ್ನು ಎದುರಿಸುವ ಬಗೆ

ಯುಗಾದಿ ಸಮೀಪಿಸಿತೆಂದರೆ ನಮ್ಮ ಕಡೆಯ ಊರುಗಳಲ್ಲಿ ಮಲ್ಲಯ್ಯನ ಕಂಬಿ ಹೊರಡುವ ಸಡಗರ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಕೊಪ್ಪಳ, ರಾಯಚೂರು ಜಿಲ್ಲೆಗಳಿಂದ ಸಾವಿರಾರು ಜನ ಕಾಲುನಡಿಗೆಯಲ್ಲಿ ಶ್ರೀಶೈಲಕ್ಕೆ ಹೋಗುತ್ತಾರೆ. ಹಿಂಗಾರಿನ ಜೋಳ, ಕಡಲೆ ಮನೆ ಸೇರಿರುತ್ತವೆ. ಮುಂಗಾರಿನ ಕೆಲಸ ಇನ್ನೂ ದೂರವಿರುತ್ತದೆ. ಒಕ್ಕಲಿಗನಿಗೆ ಅದು ಬಿಡುವಿನ ಕಾಲ. ಆದರೆ ಬಿಸಿಲು ಏರುವ ಕಾಲವೂ ಅದೇ. ಮಾರ್ಚ್ ಕೊನೆಗೆ ರಾಯಚೂರು, ಕರ್ನೂಲು ಸೀಮೆಯಲ್ಲಿ ಮಧ್ಯಾಹ್ನದ ಉಷ್ಣಮಾನ 40 ಡಿಗ್ರಿ ಸೆಂಟಿಗ್ರೇಡಿನ ಹತ್ತಿರ ಬರುತ್ತದೆ. ಯುಗಾದಿ ಎಲ್ಲ ವರ್ಷವೂ ಒಂದೇ ತಾರೀಖಿಗೆ ಬರುವುದಿಲ್ಲ. 2025ರಲ್ಲಿ ಅದು ಮಾರ್ಚ್ 30ಕ್ಕೆ ಬಂದಿತು. 2024ರಲ್ಲಿ ಏಪ್ರಿಲ್ 9ಕ್ಕೆ ಬಂದಿತ್ತು. ಹಬ್ಬ ತಡವಾಗಿ ಬಂದ ವರ್ಷ ಹಾದಿಯ ಬಿಸಿಲು ಇನ್ನೂ ಹೆಚ್ಚು ಎಂದು ತಿಳಿದು ಸಿದ್ಧತೆ ಮಾಡಿಕೊಳ್ಳಬೇಕು.

“ನಾವು ಹುಟ್ಟಿದಾಗಿನಿಂದ ಬಿಸಿಲಿನಲ್ಲಿ ದುಡಿಯುವವರು. ನಮಗೆ ಬಿಸಿಲು ಏನು ಮಾಡೀತು?” ಎಂದು ಹಲವರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಬಿಸಿಲಿನ ರೂಢಿಯುಳ್ಳ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಕಡಿಮೆ ಕಳೆಯುತ್ತದೆ. ಆದರೆ ಹೊಲದ ದುಡಿಮೆಗೂ ಈ ನಡಿಗೆಗೂ ವ್ಯತ್ಯಾಸವಿದೆ. ಹೊಲದಲ್ಲಿ ದಣಿದರೆ ಬೇವಿನ ಮರದ ಕೆಳಗೆ ಕೂಡುತ್ತೇವೆ, ಬಾವಿ ಹತ್ತಿರವಿರುತ್ತದೆ, ರಾತ್ರಿ ಮನೆಯಲ್ಲಿ ನಿದ್ದೆ ಬರುತ್ತದೆ. ಯಾತ್ರೆಯಲ್ಲಿ ಹೆಗಲ ಮೇಲೆ ಗಂಟು, ಕಾಲ ಕೆಳಗೆ ಡಾಂಬರು, ಅರೆನಿದ್ದೆ. ಗುಂಪು ಮುಂದೆ ಹೋಯಿತೆಂಬ ಅವಸರ ಬೇರೆ. ಇದು ಒಂದು ದಿನದ ಮಾತಲ್ಲ. ಕೆಲವರು ಒಂದು ವಾರ, ದೂರದವರು ಹತ್ತು ಹದಿನೈದು ದಿನ ಹೀಗೆಯೇ ನಡೆಯುತ್ತಾರೆ. ಇನ್ನು ಬೆಂಗಳೂರು, ಪುಣೆಗಳಲ್ಲಿ ನೆರಳಿನ ಕೆಲಸ ಮಾಡುತ್ತಿದ್ದು ಯಾತ್ರೆಗೆಂದೇ ಊರಿಗೆ ಬರುವ ಹುಡುಗರಿಗೆ ಬಿಸಿಲಿನ ರೂಢಿ ತಪ್ಪಿರುತ್ತದೆ. ಆ ರೂಢಿ ಮರಳಿ ಬರಲು ಒಂದರಿಂದ ಎರಡು ವಾರ ಬೇಕು.

ಮೈ ತಂಪಾಗುವುದು ಹೇಗೆ?

ಆರೋಗ್ಯವಂತನ ಮೈಯ ಶಾಖ 37 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಡೆಯುವಾಗ ಸ್ನಾಯುಗಳು ದುಡಿದು ಒಳಗೆ ಶಾಖ ಹುಟ್ಟುತ್ತದೆ. ಚಳಿಗಾಲದಲ್ಲಿ ಸುತ್ತಣ ಗಾಳಿ ಆ ಶಾಖವನ್ನು ಸೆಳೆದುಕೊಳ್ಳುತ್ತದೆ. ಆದರೆ ಗಾಳಿಯೇ 37 ಡಿಗ್ರಿಗಿಂತ ಬಿಸಿಯಾದಾಗ ಅದು ಮೈಯಿಂದ ಶಾಖವನ್ನು ತೆಗೆಯುವುದಿಲ್ಲ, ಮೈಗೆ ಕೊಡುತ್ತದೆ. ಆಗ ಉಳಿಯುವ ದಾರಿ ಒಂದೇ. ಬೆವರು ಆರಬೇಕು.

ಮಣ್ಣಿನ ಹರವಿಯ ನೀರು ತಣ್ಣಗಿರುವುದು ಏತಕ್ಕೆ? ಸಣ್ಣ ರಂಧ್ರಗಳಿಂದ ಒಸರಿದ ನೀರು ಆರುವಾಗ ಒಳಗಿನ ಶಾಖವನ್ನು ಒಯ್ಯುತ್ತದೆ. ನಮ್ಮ ಮೈಯೂ ಅಂಥದೇ ಹರವಿ. ಹರವಿಗೆ ಎಣ್ಣೆಬಣ್ಣ ಬಳಿದರೆ ನೀರು ತಣ್ಣಗಾಗದು. ಹಾಗೆಯೇ ಮೈಗೆ ಅಂಟಿಕೊಳ್ಳುವ ದಪ್ಪ ಬಟ್ಟೆಯೊಳಗೆ ಬೆವರು ಆರದು. ಹರವಿಯಲ್ಲಿ ನೀರೇ ಮುಗಿದರೆ ತಂಪೂ ಮುಗಿಯಿತು. ಬಿಸಿಲಿನಲ್ಲಿ ಬಿರುಸಾಗಿ ನಡೆಯುವವನು ಗಂಟೆಗೆ ಒಂದು ಲೀಟರಿನಷ್ಟು ನೀರನ್ನು ಬೆವರಿನಲ್ಲಿ ಕಳೆಯಬಲ್ಲನು. ಆದುದರಿಂದ ಮುಂದೆ ಹೇಳುವ ಎಲ್ಲ ಸಲಹೆಗಳ ಗುರಿ ಎರಡೇ: ಬೆವರಿಗೆ ನೀರು ಒದಗಬೇಕು, ಬೆವರಿಗೆ ಗಾಳಿ ಸಿಗಬೇಕು.

ನೀರು ಮತ್ತು ಉಪ್ಪು

“ಬಾಯಾರಿದಾಗ ಬಾವಿ ತೋಡಿದರು” ಎಂಬಂತೆ ಆಗಬಾರದು. ಬಾಯಾರುವ ತನಕ ಕಾಯದೆ, ನಡೆಯುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಇದು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಆಗುತ್ತದೆ. ಒಮ್ಮೆಲೇ ಚೆಂಬುಗಟ್ಟಲೆ ಕುಡಿದು ಹೊಟ್ಟೆ ಭಾರ ಮಾಡಿಕೊಳ್ಳಬಾರದು. ಗಂಟೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಬರಿ ನೀರು ಕುಡಿಯುವುದೂ ಅಪಾಯವೇ. ರಕ್ತದಲ್ಲಿನ ಉಪ್ಪು ತೆಳುವಾಗಿ ತಲೆನೋವು, ವಾಂತಿ, ಮಂಪರು ಬರಬಹುದು. ಕುಡಿದದ್ದು ಸಾಕಾಗಿದೆಯೇ ಎಂದು ಮೂತ್ರದ ಬಣ್ಣ ನೋಡಿ ತಿಳಿಯಬಹುದು. ತಿಳಿಯಾಗಿದ್ದರೆ ಸಾಕು. ಕಡು ಹಳದಿಯಾಗಿದ್ದರೆ, ಅಥವಾ ಅರ್ಧ ದಿನವಾದರೂ ಮೂತ್ರ ಬಾರದಿದ್ದರೆ, ನೀರು ಕಡಿಮೆಯಾಗಿದೆ.

ಬೆವರಿನೊಡನೆ ಉಪ್ಪೂ ಹೋಗುತ್ತದೆ. ನಮ್ಮ ಹಿರಿಯರು ಅಂಬಲಿಗೆ, ಮಜ್ಜಿಗೆಗೆ ಉಪ್ಪು ಹಾಕಿ ಕುಡಿಯುತ್ತಿದ್ದುದು ಬರಿ ರುಚಿಗಲ್ಲ. ಹಾದಿಯ ದಾಸೋಹಗಳಲ್ಲಿ ಮಜ್ಜಿಗೆ, ಅಂಬಲಿ ಸಿಕ್ಕಲ್ಲಿ ಬಿಡಬೇಡಿರಿ. ಜೊತೆಗೆ ಆರೋಗ್ಯ ಕೇಂದ್ರದಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣಗಳನ್ನು ತಲಾ ಐದಾರು ಇಟ್ಟುಕೊಳ್ಳಿರಿ. ಒಂದು ಲೀಟರಿನ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು. ಅರ್ಧ ಪೊಟ್ಟಣವನ್ನು ಅಂದಾಜಿನಿಂದ ಹಾಕಬಾರದು. ಕಲಸಿದ ನೀರನ್ನು ಮರುದಿನಕ್ಕೆ ಇಡಬಾರದು. ಪೊಟ್ಟಣ ಇಲ್ಲದಾಗ ಒಂದು ಲೀಟರ್ ಶುದ್ಧ ನೀರಿಗೆ ಚಹದ ಚಮಚೆಯಿಂದ ಮಟ್ಟಸವಾಗಿ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಹಾಕಿ ಕರಗಿಸಿದರೆ ಆಯಿತು. ರಕ್ತದ ಒತ್ತಡ, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಯವರು ಎಷ್ಟು ಉಪ್ಪು, ಎಷ್ಟು ನೀರು ಎಂಬುದನ್ನು ಹೊರಡುವ ಮೊದಲೇ ವೈದ್ಯರಿಂದ ಕೇಳಿಕೊಳ್ಳತಕ್ಕದ್ದು.

ಎತ್ತಿಗಿರುವ ಕಟ್ಟಳೆ ಮನುಷ್ಯನಿಗೆ ಬೇಡವೇ?

ಭಾರ ಎಳೆಯುವ ಪ್ರಾಣಿಗಳ ರಕ್ಷಣೆಗಾಗಿ 1965ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ಮಾಡಿತು. ಉಷ್ಣಮಾನ 37 ಡಿಗ್ರಿಗಿಂತ ಹೆಚ್ಚುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಎತ್ತನ್ನು ಗಾಡಿಗೆ ಹೂಡಕೂಡದು. ವಿಶ್ರಾಂತಿಯಿಲ್ಲದೆ ಒಂದೇ ಸಮನೆ ಐದು ಗಂಟೆಗಿಂತ ಹೆಚ್ಚು, ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಕೂಡದು. ಸಾಮಾನಿನ ಗಾಡಿ ಕಟ್ಟಿಕೊಂಡು ಹೋಗುವವರು ಇದನ್ನು ನೆನಪಿಡಬೇಕು. ಗಾಡಿಯಿಲ್ಲದವರು ಇದೇ ಕಟ್ಟಳೆಯನ್ನು ತಮಗೂ ಹಾಕಿಕೊಂಡರೆ ಕೆಡುಕಿಲ್ಲ. ಎತ್ತು ನಿಂತಲ್ಲಿ ನಾವೂ ನಿಲ್ಲೋಣ.

ನಸುಕಿನ 4 ಗಂಟೆಗೆ ಹೊರಟು 9ರ ಸುಮಾರಿಗೆ ನೆರಳು ಹಿಡಿಯಬೇಕು. ಹತ್ತರ ಮೇಲೆ ನಡೆಯಬಾರದು. ಹಗಲು ಉಂಡು, ಮಲಗಿ, ಸಂಜೆ 5ರ ಮೇಲೆ ಮತ್ತೆ ಹೊರಡಬೇಕು. ಹಗಲಿನ ನಿದ್ದೆಯನ್ನು ಸೋಮಾರಿತನವೆಂದು ಎಣಿಸಬಾರದು. ರಾತ್ರಿ ಅರೆನಿದ್ದೆಯಾದವನಿಗೆ ಮರುದಿನದ ಬಿಸಿಲು ಬೇಗ ತಾಗುತ್ತದೆ. ಕತ್ತಲಲ್ಲಿ ನಡೆಯುವಾಗ ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಮುಂದಿನವನ ಕೈಯಲ್ಲಿಯೂ ಕೊನೆಯವನ ಕೈಯಲ್ಲಿಯೂ ಬ್ಯಾಟರಿ ಇರಬೇಕು. ಬೆನ್ನಿನ ಚೀಲಕ್ಕೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಂಟಿಸಿದರೆ ಲಾರಿಯವನಿಗೆ ದೂರದಿಂದಲೇ ಕಾಣುವುದು.

ಉಡುಪು ಮತ್ತು ಪಾದರಕ್ಷೆ

ತಿಳಿ ಬಣ್ಣದ, ಸಡಿಲವಾದ, ತೆಳು ಹತ್ತಿಬಟ್ಟೆ ಎಲ್ಲಕ್ಕಿಂತ ಮೇಲು. ಧೋತರ, ಜುಬ್ಬಾ, ತಲೆಗೆ ರುಮಾಲು ಎಂಬ ನಮ್ಮ ಹಳೆಯ ಉಡುಪು ಈ ಸೀಮೆಯ ಬಿಸಿಲಿಗೆ ತಕ್ಕದ್ದೇ ಆಗಿದೆ. ತೋಳು ಬರಿದಾಗಿದ್ದರೆ ತಂಪು ಎಂದು ತಿಳಿಯಬೇಡಿರಿ. ಬಿಸಿಲು ನೇರವಾಗಿ ಚರ್ಮಕ್ಕೆ ಬೀಳುತ್ತದೆ. ತುಂಬು ತೋಳಿನ ಸಡಿಲ ಅಂಗಿ ಲೇಸು. ಒಂದು ಪಂಚೆಯನ್ನು ತೋಯಿಸಿ ಕತ್ತಿನ ಸುತ್ತ ಹಾಕಿಕೊಂಡು, ಒಣಗಿದಂತೆ ಮತ್ತೆ ತೋಯಿಸುವುದು ಕಾಸು ಖರ್ಚಿಲ್ಲದ ಉಪಾಯ. ನೀರಿನ ಬಾಟಲಿಗೂ ಒದ್ದೆ ಬಟ್ಟೆ ಸುತ್ತಿದರೆ ನೀರು ಹರವಿಯ ನೀರಿನಂತೆಯೇ ತಂಪಾಗುವುದು. ಕೊಡೆಯನ್ನು ಹೆಂಗಸರಿಗೂ ಮುದುಕರಿಗೂ ಮಾತ್ರ ಎಂದು ಎಣಿಸಬೇಡಿರಿ. ಮರವಿಲ್ಲದ ಹಾದಿಯಲ್ಲಿ ಕೊಡೆಯೇ ಮರ.

ಹೊಸ ಚಪ್ಪಲಿ ಮೆಟ್ಟಿ ಯಾತ್ರೆಗೆ ಹೊರಡಬಾರದು. ಮೂರು ವಾರ ಮೊದಲೇ ಕೊಂಡು, ಹೊಲಕ್ಕೆ ಮೆಟ್ಟಿಕೊಂಡು ಹೋಗಿ ಪಳಗಿಸಬೇಕು. ನಡೆದ ಕಾಲು ಸಂಜೆಗೆ ಬಾತಿರುತ್ತದೆ. ಆದುದರಿಂದ ಸಂಜೆಯ ಹೊತ್ತಿನಲ್ಲಿಯೇ ಅಳತೆ ನೋಡಿ ಕೊಳ್ಳಬೇಕು. ಅಂಗುಷ್ಠಕ್ಕೆ ಸಿಗಿಸುವ ತೆಳು ರಬ್ಬರಿನ ಚಪ್ಪಲಿಗಿಂತ ಹಿಮ್ಮಡಿಯ ಹಿಂದೆ ಪಟ್ಟಿಯುಳ್ಳ, ದಪ್ಪ ಅಟ್ಟೆಯ ಚಪ್ಪಲಿ ಕಾಲನ್ನು ಹಿಡಿದಿಡುತ್ತದೆ. ಬೂಟು ಹಾಕುವವರು ಎರಡು ಜೊತೆ ಹತ್ತಿಯ ಕಾಲುಚೀಲ ಇಟ್ಟುಕೊಂಡು, ಒದ್ದೆಯಾದುದನ್ನು ಬದಲಿಸಬೇಕು. ಬೊಬ್ಬೆ ಎದ್ದರೆ ಸೂಜಿಯಿಂದ ಚುಚ್ಚದೆ, ತೊಳೆದು, ಶುಭ್ರವಾದ ಪಟ್ಟಿ ಕಟ್ಟಬೇಕು.

ಬರಿಗಾಲಲ್ಲಿ ನಡೆಯುವ ಹರಕೆಯುಳ್ಳವರು ಒಂದು ಸಂಗತಿ ತಿಳಿದಿರಬೇಕು. ಉರಿಬಿಸಿಲಿನಲ್ಲಿ ಡಾಂಬರಿನ ಮೇಲ್ಮೈ 60 ಡಿಗ್ರಿ ಮುಟ್ಟಬಲ್ಲದು. ಅಷ್ಟು ಶಾಖಕ್ಕೆ ಅಂಗಾಲು ಸುಡುತ್ತದೆ. ನಸುಕಿನ ಹೊತ್ತಿನಲ್ಲಿ ಮಣ್ಣಿನ ಬದಿಯಲ್ಲಿ ಹರಕೆ ಸಲ್ಲಿಸಿ, ಚೀಲದಲ್ಲಿ ಚಪ್ಪಲಿ ಇಟ್ಟುಕೊಂಡಿರಲಿ. ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದವರು ಮಾತ್ರ ಬರಿಗಾಲಲ್ಲಿ ನಡೆಯಲೇಬಾರದು. ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ.

ಚೀಲದ ತೂಕ

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಊರುಗಳು ಹತ್ತಿರವಿರುವ ಹಾದಿಯಲ್ಲಿ ತಲಾ ಎರಡು ಲೀಟರ್ ಸಾಕು. ಆದರೆ ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲೆಯ ಅಡವಿ ಹೊಕ್ಕ ಮೇಲೆ ಸಂಗತಿ ಬೇರೆ. ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಳನು, ಕೈಲಾಸದ್ವಾರ ಎಂಬ ಆ ಹಾದಿ ಕಲ್ಲು, ಏರು, ಇಳಿಜಾರುಗಳಿಂದ ಕೂಡಿದೆ. ಜಾತ್ರೆಯ ಕಾಲದಲ್ಲಿ ಅಲ್ಲಲ್ಲಿ ನೀರು, ಅನ್ನದ ವ್ಯವಸ್ಥೆಯಿದ್ದರೂ ಅದನ್ನೇ ನಂಬಿ ಬರಿಗೈಯಲ್ಲಿ ಹೋಗಬಾರದು. ಅಲ್ಲಿ ತಲಾ ಮೂರು ಲೀಟರ್ ಹೊರಬೇಕು. ಹಳ್ಳದ ನೀರನ್ನು ಹಾಗೆಯೇ ಕುಡಿಯಬಾರದು. ಕ್ಲೋರಿನ್ ಮಾತ್ರೆಯನ್ನು ಪೊಟ್ಟಣದಲ್ಲಿ ಬರೆದ ಅಳತೆಯಂತೆ ಹಾಕಿ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ವಾಂತಿ ಭೇದಿ ಹಿಡಿದವನನ್ನು ಬಿಸಿಲು ಬೇಗ ಕೆಡಹುತ್ತದೆ.

ಮೂರು ಕಿಲೋ ನೀರು ಹೊರಬೇಕಾದರೆ ಉಳಿದುದನ್ನು ಇಳಿಸಬೇಕು. ಒಂದು ಜೊತೆ ಬಟ್ಟೆ, ಎರಡು ಪಂಚೆ, ಒಂದು ಹೊದಿಕೆ, ಬ್ಯಾಟರಿ, ಪಟ್ಟಿ ಮತ್ತು ಹತ್ತಿ, ತೊಡೆ ಉಜ್ಜಿದಲ್ಲಿ ಹಚ್ಚಲು ಕೊಬ್ಬರಿ ಎಣ್ಣೆ, ದಿನಾ ತೆಗೆದುಕೊಳ್ಳುವ ಮಾತ್ರೆ, ಹೆಸರು, ಊರು, ಕಾಯಿಲೆ ಮತ್ತು ಮನೆಯ ಫೋನ್ ನಂಬರು ಬರೆದ ಚೀಟಿ. ಇಷ್ಟು ಸಾಕು. ಒಂದೇ ಹೆಗಲಿಗೆ ನೇತುಹಾಕುವ ಚೀಲಕ್ಕಿಂತ ಎರಡೂ ಹೆಗಲಿಗೆ ಪಟ್ಟಿಯಿರುವ ಚೀಲ ಒಳ್ಳೆಯದು. ಭಾರವಾದ ವಸ್ತು ಬೆನ್ನಿಗೆ ಹತ್ತಿರವಿರಲಿ. ಮನೆಯಲ್ಲಿಯೇ ತೂಗಿ ನೋಡಿ, ನೀರೂ ಸೇರಿ ಆರು ಕಿಲೋ ಮೀರಿದರೆ ಏನನ್ನಾದರೂ ಬಿಡಿರಿ. ನೀರನ್ನು ಮಾತ್ರ ಬಿಡಬೇಡಿರಿ.

ಅಪಾಯದ ಗುರುತುಗಳು

ಮೊದಲು ಮೀನಖಂಡ ಹಿಡಿದುಕೊಳ್ಳುತ್ತದೆ. ಬಳಿಕ ತಲೆಸುತ್ತು, ಓಕರಿಕೆ, ವಿಪರೀತ ಬೆವರು, ನಿಶ್ಶಕ್ತಿ ಕಾಣುತ್ತವೆ. ಈ ಹಂತದಲ್ಲಿ ನೆರಳಿನಲ್ಲಿ ಮಲಗಿಸಿ, ಕಾಲನ್ನು ಸ್ವಲ್ಪ ಎತ್ತರದಲ್ಲಿಟ್ಟು, ಓ.ಆರ್.ಎಸ್. ಕುಡಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆ ದಿನ ಅವರನ್ನು ಮತ್ತೆ ನಡೆಸಬಾರದು.

ಮಾತು ತೊದಲಿದರೆ, ಊರು ಹೆಸರು ಕೇಳಿದರೆ ತಪ್ಪು ಹೇಳಿದರೆ, ಸುಮ್ಮನೆ ಸಿಟ್ಟಿಗೆದ್ದರೆ, ತೂರಾಡಿದರೆ, ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ ಅದು ಬಿಸಿಲಿನ ಆಘಾತವೆಂದೇ ತಿಳಿಯಬೇಕು. ಮೈಯ ಶಾಖ 40 ಡಿಗ್ರಿ ದಾಟಿರುತ್ತದೆ. ಚರ್ಮ ಒಣಗಿರಬಹುದು, ಬೆವರೂ ಇರಬಹುದು. ಬೆವರು ಇದೆಯೆಂದು ನೆಚ್ಚಿ ಕೂಡಬಾರದು. ಇದು ಪ್ರಾಣ ಹೋಗುವ ಹೊತ್ತು. ಒಬ್ಬರು 108ಕ್ಕೆ ಫೋನ್ ಮಾಡಬೇಕು. ಉಳಿದವರು ಆ ಕ್ಷಣವೇ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಇದ್ದ ನೀರನ್ನೆಲ್ಲ ಮೈಮೇಲೆ ಸುರಿದು, ಜೋರಾಗಿ ಗಾಳಿ ಬೀಸಬೇಕು. ಕತ್ತು, ಕಂಕುಳು, ತೊಡೆಸಂದಿಗಳಲ್ಲಿ ತಣ್ಣೀರಿನ ಬಟ್ಟೆ ಇಡಬೇಕು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಬಾರದು, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಜ್ವರದ ಮಾತ್ರೆ ಇದಕ್ಕೆ ನಾಟುವುದಿಲ್ಲ. ವಾಹನ ಬರುವವರೆಗೂ, ಬಂದ ಮೇಲೆಯೂ ಮೈ ತಂಪು ಮಾಡುವುದನ್ನು ನಿಲ್ಲಿಸಬಾರದು.

ಬಿಸಿಲಿನ ಆಘಾತವಾದವನು “ನನಗೇನೂ ಆಗಿಲ್ಲ, ನಡೆಯಿರಿ” ಎನ್ನುವುದುಂಟು. ಆಗ ಅವನ ಬುದ್ಧಿ ಅವನ ವಶದಲ್ಲಿರುವುದಿಲ್ಲ. ಆದುದರಿಂದ ನಿಲ್ಲುವ ತೀರ್ಮಾನವನ್ನು ಅವನಿಗೆ ಬಿಡಬಾರದು.

ಹೊರಡುವ ಮೊದಲು ಒಂದು ಸಭೆ

ಕಂಬಿ ಹೊರಡುವ ಮೊದಲು ಗುಡಿಯಲ್ಲಿ ಎಲ್ಲರೂ ಸೇರುವಿರಲ್ಲವೇ? ಅಂದೇ ಮೂರು ಮಾತು ಗೊತ್ತುಮಾಡಿಕೊಳ್ಳಿರಿ. ಒಂದು, ಎಷ್ಟು ಹೊತ್ತಿಗೆ ನಡಿಗೆ ನಿಲ್ಲಬೇಕು. ಎರಡು, ಯಾರು ಯಾರಿಗೆ ಜೊತೆಗಾರರು. ಇಬ್ಬಿಬ್ಬರು ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕು. ಮೂರು, “ಇಂದು ಇವನು ನಡೆಯಬಾರದು” ಎಂದು ಹೇಳುವ ಅಧಿಕಾರ ಯಾರಿಗೆ. ಗುಂಪಿನ ಹಿರಿಯನೊಬ್ಬನಿಗೆ ಆ ಅಧಿಕಾರ ಕೊಟ್ಟ ಮೇಲೆ ಅವನ ಮಾತನ್ನು ಯಾರೂ ಮೀರಬಾರದು. ಕಾಯಿಲೆಯವರು, ಬಸುರಿಯರು, ತೀರ ವಯಸ್ಸಾದವರು ಬಸ್ಸಿನಲ್ಲಿ ಬಂದು ಗುಂಪನ್ನು ಶ್ರೀಶೈಲದಲ್ಲಿ ಕೂಡಿಕೊಂಡರೆ ಭಕ್ತಿಗೆ ಕುಂದಿಲ್ಲ. ಒಂದು ದಿನ ತಡವಾಗಿ ಹೋದವರಿಗೂ ಮಲ್ಲಯ್ಯನ ದರ್ಶನ ತಪ್ಪುವುದಿಲ್ಲ. ಹೋದವರೆಲ್ಲರೂ ಮರಳಿ ಮನೆ ಸೇರಬೇಕು. ಮುಂಗಾರಿಗೆ ಕೂರಿಗೆ ಹಿಡಿಯುವ ಕೈಗಳು ಅವರವೇ.

ಯುಗಾದಿಗೆ ತಿಂಗಳಿರುವಾಗಲೇ ಚಪ್ಪಲಿ ಕೊಂಡು ಪಳಗಿಸಿರಿ. ಹದಿನೈದು ದಿನವಿರುವಾಗ ದಿನಾ ಬೆಳಿಗ್ಗೆ ಒಂದು ಗಂಟೆ ಚೀಲ ಹೊತ್ತು ನಡೆಯಿರಿ. ಊರಿಗೆ ಬರುವ ಹುಡುಗರಿಗೂ ಇಂದೇ ಹೇಳಿ ಕಳುಹಿಸಿರಿ. ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದ ಒತ್ತಡ ನೋಡಿಸಿಕೊಂಡು, ಬರುವಾಗ ಓ.ಆರ್.ಎಸ್. ಪೊಟ್ಟಣಗಳನ್ನು ತನ್ನಿರಿ.