ಹಟ್ಟಿ ಮೂಲೆಯ ಹಳೇ ಯೆಜ್ಡಿ ಕಡಿಮೆಗೆ ಸಿಕ್ತಾ? ದುಡ್ಡು ಕೊಡುವ ಮೊದಲು ಇದನ್ನೊಮ್ಮೆ ಓದಿ

ತ್ರಾಸಿ: ನಮ್ಮ ಕಡೆ ಹಳೇ ಮನೆಗಳ ಹಟ್ಟಿಯಲ್ಲೋ, ಸೌದೆ ಕೊಟ್ಟಿಗೆಯಲ್ಲೋ ಟಾರ್ಪಲ್ ಮುಚ್ಚಿಕೊಂಡು ನಿಂತ ಜಾವಾ, ಯೆಜ್ಡಿ ಬೈಕ್‌ಗಳು ಈಗಲೂ ಸಿಗುತ್ತವೆ. ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳುತ್ತಾರೆ, ಹುಡುಗರು "ನಾಲ್ಕು ಸಾವಿರ ಜಾಸ್ತಿ ಕೊಡ್ತೆ, ನಂಗೇ ಕೊಡಿ" ಅಂತಾರೆ. ಆಸೆ ತಪ್ಪಲ್ಲ. ಆದರೆ ಗಾಡಿ ಕಡಿಮೆಗೆ ಸಿಕ್ಕಿದರೂ ಅದರ ಕಾಗದ ದುಬಾರಿ ಆಗಬಹುದು.

ಇದು ನಮ್ಮ ರಾಜ್ಯದ್ದೇ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು, ಉದ್ಘಾಟಿಸಿದ್ದು ಜಯಚಾಮರಾಜ ಒಡೆಯರ್. 1973ರ ಹೊತ್ತಿಗೆ ಜಾವಾ ಹೆಸರು ಹೋಗಿ ಯೆಜ್ಡಿ ಬಂತು, 1978ರಲ್ಲಿ ರೋಡ್‌ಕಿಂಗ್. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಉಡುಪಿ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅಂದರೆ ನೀವು ನೋಡುವ ಯಾವ ಹಳೇ ಯೆಜ್ಡಿಯಾದರೂ ನಮ್ಮ ಜಿಲ್ಲೆಗಿಂತ ಹಿರಿಯದು.

ಮೊದಲು ಕಾಗದ

ಆರ್‌ಸಿ ಕೇಳಿ. ಅದರಲ್ಲಿರುವ ಎಂಜಿನ್ ನಂಬರ್, ಚಾಸಿಸ್ ನಂಬರ್ ಗಾಡಿ ಮೇಲಿನದ್ದಕ್ಕೆ ತಾಳೆ ಆಗಬೇಕು. ತುಕ್ಕಿನಿಂದ ಕಾಣದಿದ್ದರೆ ಸೀಮೆಎಣ್ಣೆ ಹಾಕಿ ಒರೆಸಿ, ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನೋಡಿ. ನಂಬರ್ ತಿದ್ದಿದ ಹಾಗೆ ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಕದ್ದ ಗಾಡಿಯಾದರೆ ಕೇಸು ನಿಮ್ಮ ತಲೆಗೆ.

ಖಾಸಗಿ ಬೈಕಿನ ಆರ್‌ಸಿಗೆ 15 ವರ್ಷ ಆಯಸ್ಸು. ಆಮೇಲೆ ಫಾರಂ 25 ಕೊಟ್ಟು 5 ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕು. 20 ವರ್ಷ ದಾಟಿದ ಬೈಕಿಗೆ ಈ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 2,000 ರೂಪಾಯಿಗೆ ಏರಿಸಿದ್ದಾರೆ. ಹಸಿರು ತೆರಿಗೆ ಬೇರೆ. ನಿಜವಾದ ಹೊಡೆತ ಇರುವುದು ತಡ ಮಾಡಿದ್ದಕ್ಕೆ: 2022ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಲ್ಲಿ ಬೈಕಿಗೆ ತಿಂಗಳಿಗೆ 300 ರೂಪಾಯಿ. ವರ್ಷಕ್ಕೆ 3,600, ಮೂರು ವರ್ಷಕ್ಕೆ 10,800. ಎಂಟು ಸಾವಿರದ ಗಾಡಿಗೆ ಅದಕ್ಕಿಂತ ಹೆಚ್ಚು ಬಾಕಿ ಇರಬಹುದು. ಆರ್‌ಟಿಓದಲ್ಲಿ ಲೆಕ್ಕ ಹಾಕಿಸಿಯೇ ಮುಂಗಡ ಕೊಡಿ. ಹಳೇ ನಂಬರ್ ಆನ್‌ಲೈನ್‌ನಲ್ಲಿ ಕಾಣದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕಾಗುತ್ತದೆ.

ಹೆಸರು ಬದಲಾವಣೆಗೆ ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಬೇಕು. ಆರ್‌ಸಿಯಲ್ಲಿ ಇದ್ದವರು ತೀರಿಕೊಂಡಿದ್ದರೆ ಮೊದಲು ವಾರಸುದಾರರು ಫಾರಂ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ನಮ್ಮಲ್ಲಿ ಹೆಚ್ಚು ಗಾಡಿ ಸಿಕ್ಕಿಬೀಳುವುದು ಇಲ್ಲೇ. ಅಜ್ಜನ ಹೆಸರಲ್ಲಿ ಗಾಡಿ, ಮಕ್ಕಳು ಬೊಂಬಾಯಿ, ಬೆಂಗಳೂರಲ್ಲಿ.

50 ವರ್ಷ ದಾಟಿ ಮೂಲ ರೂಪದಲ್ಲೇ ಇದ್ದರೆ ವಿಂಟೇಜ್ ನೋಂದಣಿ ಮಾಡಿಸಬಹುದು. 2021ರ ನಿಯಮದಂತೆ ಹೊಸದಾಗಿ 20,000, ಮರುನೋಂದಣಿಗೆ 5,000 ರೂಪಾಯಿ, 10 ವರ್ಷ ಅವಧಿ, ನಂಬರಿನಲ್ಲಿ ವಿಎ ಅಕ್ಷರ. ಆದರೆ ದಿನಾ ಪೇಟೆಗೆ ಹೋಗಿ ಬರಲು ಅದು ಆಗುವುದಿಲ್ಲ. ರ‍್ಯಾಲಿ, ಪ್ರದರ್ಶನಕ್ಕೆ ಮಾತ್ರ.

ಆಮೇಲೆ ಎಂಜಿನ್

ತಂದ ಕೂಡಲೇ ಕಿಕ್ ಹೊಡೆಯಬೇಡಿ. ವರ್ಷಗಟ್ಟಲೆ ನಿಂತ ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡಿರುತ್ತದೆ. ಪ್ಲಗ್ ಬಿಚ್ಚಿ, ತೂತಿನಲ್ಲಿ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಹಾಗೇ ಇಡಿ. ಮತ್ತೆ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಒತ್ತಾಯ ಮಾಡಬೇಡಿ.

ನಮ್ಮ ಕರಾವಳಿಯಲ್ಲಿ ಮೊದಲ ಶತ್ರು ಉಪ್ಪುಗಾಳಿ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಇರುವ ಮರವಂತೆ ಹೆದ್ದಾರಿ ಬದಿಯ ಗಾಡಿಗೆ ಹೊರಗಿನ ಬಣ್ಣ ಚೆಂದ ಕಂಡರೂ ಟ್ಯಾಂಕ್ ಒಳಗೆ ತುಕ್ಕು ಇರುತ್ತದೆ. ಟಾರ್ಚ್ ಬಿಟ್ಟು ನೋಡಿ. ಒಳಗೆ ಸಣ್ಣ ನಟ್ಟು ಹಾಕಿ ಅಲ್ಲಾಡಿಸಿ, ತೊಳೆದು, ಪೂರ್ತಿ ಒಣಗಿಸಿ. ಚಾಸಿಸ್ ಪೈಪಿನ ಬೆಸುಗೆ ಜಾಗಗಳನ್ನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ. ಒಳಗೆ ಇಳಿದರೆ ಆ ಗಾಡಿ ಬೇಡ.

ಮುಂದೆ ಕಾರ್ಬೊರೇಟರ್ ಬಿಚ್ಚಿ ಜೆಟ್ ಊದಿ. ಕಾಂಟ್ಯಾಕ್ಟ್ ಪಾಯಿಂಟ್ ನಯವಾದ ಎಮರಿ ಕಾಗದದಲ್ಲಿ ಉಜ್ಜಿ, ಗ್ಯಾಪ್ 0.4 ಮಿಲಿಮೀಟರ್ ಇಡಿ. ಹೆಚ್ಚು ಕೇಸಲ್ಲಿ ಕಿಡಿ ಬಾರದೇ ಇರುವುದು ಪಾಯಿಂಟ್ ಹಾಳಾಗಿಯೇ. ಎರಡೂ ಸೈಲೆನ್ಸರ್ ಬಿಚ್ಚಿ ನೋಡಿ, ಒಳಗೆ ಮಸಿ ಕಟ್ಟಿರುತ್ತದೆ, ಕಣಜದ ಗೂಡೂ ಇರಬಹುದು. ಸ್ಟಾರ್ಟ್ ಆದ ಮೇಲೆ ಬಿಳಿ ಹೊಗೆ ನಿಲ್ಲದಿದ್ದರೆ, ಗೇರ್ ಆಯಿಲ್ ಕಮ್ಮಿ ಆಗುತ್ತಿದ್ದರೆ, ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ ಅಂತ ಅರ್ಥ. ಸೀಲ್ ಬೆಲೆ ದೊಡ್ಡದಲ್ಲ, ಎಂಜಿನ್ ಇಳಿಸಿ ಬಿಚ್ಚುವ ಕೂಲಿ ದೊಡ್ಡದು.

ಟೂ ಸ್ಟ್ರೋಕ್ ಆದ್ದರಿಂದ ಲೀಟರ್ ಪೆಟ್ರೋಲಿಗೆ ಸುಮಾರು 40 ಎಂಎಲ್ 2ಟಿ ಆಯಿಲ್ ಮರೆಯಬೇಡಿ. ಮರೆತರೆ ಪಿಸ್ಟನ್ ಜಾಮ್. ಈಗ ಬಂಕಲ್ಲಿ ಸಿಗುವುದು ಎಥನಾಲ್ ಬೆರೆಸಿದ ಇ20 ಪೆಟ್ರೋಲ್. ಅದು ತೇವ ಹೀರುತ್ತದೆ, ಹಳೇ ರಬ್ಬರ್ ಪೈಪ್ ಹಾಳು ಮಾಡುತ್ತದೆ. ಪೈಪ್ ಹೊಸತು ಹಾಕಿ. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ.

ಬ್ರೇಕ್ ಲೈನರ್, ಟೈರ್, ಕೇಬಲ್ ಹೊಸತು ಹಾಕದೆ ರಸ್ತೆಗೆ ಇಳಿಸಬೇಡಿ. ಇನ್ಶೂರೆನ್ಸ್ ಇಲ್ಲದೆ ಸಿಕ್ಕರೆ ಮೊದಲ ಸಲ 2,000 ರೂಪಾಯಿ ದಂಡ. ಯಾರಿಗಾದರೂ ಗುದ್ದಿದರೆ ಪರಿಹಾರ ಪೂರ್ತಿ ನಿಮ್ಮ ಕೈಯಿಂದಲೇ ಹೋಗಬಹುದು.

ಮಾರುವವರಿಗೂ ಒಂದು ಮಾತು: ಗುಜರಿಗೆ ಕೊಡುವ ಮೊದಲು ಪೆಟ್ಟಿಗೆ ಹುಡುಕಿ ಆರ್‌ಸಿ ತೆಗೆದಿಡಿ. ಗಾಡಿಗಿಂತ ಆ ಹಳೇ ಪುಸ್ತಕಕ್ಕೇ ಬೆಲೆ ಜಾಸ್ತಿ.